ನಮ್ಮ ಮುಖ ನಾವೇ ಬರೆದುಕೊಳ್ಳೋಣ

(ಹೆಬ್ಬಾಳದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಯಲಹಂಕದಿಂದ, ಯಶವಂತಪುರದಿಂದ, ಆರ್.ಟಿ. ನಗರದಿಂದ ಕೆಲಸ ಬಿಟ್ಟು ಬಂದಿದ್ದೀರಿ. ನಿಮ್ಮಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿದ್ದೀರಿ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರಿದ್ದೀರಿ, ಹೂ ಕಟ್ಟಿ ಮಾರುವವರಿದ್ದೀರಿ. ನಾನು ಶಾಲೆಯಲ್ಲಿ ಬಹಳ ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಸಾಲ, ಉಳಿತಾಯ, ಬಡ್ಡಿಯ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ನನಗೆ ಗೊತ್ತಿರುವ ಒಂದೇ ವಿಷಯವನ್ನು ಹೇಳುತ್ತೇನೆ. ಅದು ಚಿತ್ರ.

ಮೊದಲು ಒಂದು ಲೆಕ್ಕ ಹಾಕಿ. ನಿಮ್ಮ ಚಿತ್ರವನ್ನು ಇಲ್ಲಿಯವರೆಗೆ ಎಷ್ಟು ಸಲ ತೆಗೆದಿದ್ದಾರೆ? ಯಾರು ತೆಗೆದರು? ಯಾತಕ್ಕೆ? ರೇಷನ್ ಕಾರ್ಡಿಗೆ ಒಂದು. ಆಧಾರ್‌ಗೆ ಒಂದು. ಬ್ಯಾಂಕ್ ಸಾಲದ ಅರ್ಜಿಗೆ ಎರಡು. ಕಾರ್ಖಾನೆಯ ಗುರುತಿನ ಚೀಟಿಗೆ ಒಂದು. ಇವೆಲ್ಲಕ್ಕೂ ಮುಂಚೆ, ಗಂಡಿನ ಕಡೆಯವರಿಗೆ ಕಳಿಸಲು ಅಂತ ಸ್ಟುಡಿಯೋದಲ್ಲಿ ಒಂದು. ಪೌಡರ್ ಬಳಿದು, ಪಕ್ಕದ ಮನೆಯವರ ಸೀರೆ ಉಟ್ಟು, "ಸ್ವಲ್ಪ ತಲೆ ತಗ್ಗಿಸಮ್ಮಾ, ಸ್ವಲ್ಪ ನಗಮ್ಮಾ" ಎಂದು ಹೇಳಿಸಿಕೊಂಡು ನಿಂತ ಫೋಟೋ. ಆ ಫೋಟೋ ಕೈಯಿಂದ ಕೈಗೆ ಹೋಗುತ್ತದೆ. ಬಣ್ಣ ಸ್ವಲ್ಪ ಕಡಿಮೆ, ಹಲ್ಲು ಸ್ವಲ್ಪ ಮುಂದೆ, ಹಾಗಾದರೆ ಇನ್ನೂ ಐವತ್ತು ಗ್ರಾಂ ಚಿನ್ನ, ಒಂದು ಬೈಕು. ವರದಕ್ಷಿಣೆಯ ಚೌಕಾಸಿ ಎಷ್ಟೋ ಮನೆಗಳಲ್ಲಿ ಶುರುವಾಗುವುದೇ ಆ ಫೋಟೋವನ್ನು ಮುಂದಿಟ್ಟುಕೊಂಡು.

ಇವೆಲ್ಲ ಇನ್ನೊಬ್ಬರು ಇನ್ನೊಬ್ಬರಿಗೋಸ್ಕರ ತೆಗೆದ ನಮ್ಮ ಚಿತ್ರಗಳು. ನಾವೇ ನಮ್ಮನ್ನು ನೋಡಿಕೊಂಡು ನಮಗೋಸ್ಕರ ಬರೆದುಕೊಂಡ ಚಿತ್ರ ಎಷ್ಟಿವೆ? ಹೆಚ್ಚಿನವರ ಬಳಿ ಒಂದೂ ಇಲ್ಲ.

ಇದು ಇವತ್ತಿನ ಕಥೆಯಲ್ಲ. ನಾವು ಕುಳಿತಿರುವ ಈ ಹೆಬ್ಬಾಳದಲ್ಲೇ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಬೆಳಕಿಗೆ ಬಂತು. ಅದು ಸುಮಾರು ಕ್ರಿ.ಶ. 750ರ ಕಾಲದ್ದು, ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದಾಗಿನದು ಎಂದು ವಿದ್ವಾಂಸರು ಓದಿ ಹೇಳಿದರು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನವೆಂದು ಈಗ ಅದನ್ನು ಗುರುತಿಸುತ್ತಾರೆ. ಊರಿನ ಮೇಲೆ ದಾಳಿಯಾದಾಗ ಹೋರಾಡಿ ಸತ್ತ ಕಿಟ್ಟಯ್ಯ ಎಂಬುವನ ನೆನಪಿಗೆ ನೆಟ್ಟ ಕಲ್ಲು ಅದು. ಅವನ ಹೆಸರೂ ಇದೆ, ಅವನ ಚಿತ್ರವೂ ಇದೆ. ಸಾವಿರದ ಇನ್ನೂರು ವರ್ಷ ಮಣ್ಣು, ಮಳೆ ತಿಂದ ಮೇಲೂ ನಮ್ಮ ಊರಿನವನೊಬ್ಬ ಕಾಣಿಸುತ್ತಾನೆ. ಸಂತೋಷವೇ.

ಆದರೆ ಆ ಶಾಸನ ಅವನನ್ನು ಇಂಥವರ ಅಳಿಯ ಎಂದು ಕರೆಯುತ್ತದೆ. ಅಳಿಯ ಎಂದರೆ ಮಗಳ ಗಂಡ ಇರಬಹುದು, ಸೋದರಿಯ ಮಗ ಇರಬಹುದು. ಯಾವ ಅರ್ಥ ಹಿಡಿದರೂ ಮಾವ ಮತ್ತು ಅಳಿಯನ ನಡುವೆ ಒಬ್ಬಳು ಹೆಂಗಸು ಇರಲೇಬೇಕು. ಅವಳಿಲ್ಲದೆ ಆ ಸಂಬಂಧವೇ ಇಲ್ಲ. ಅವಳ ಹೆಸರು ಮಾತ್ರ ಕಲ್ಲಿನ ಮೇಲಿಲ್ಲ.

ಹೆಂಗಸಿಗಾಗಿ ನಿಲ್ಲಿಸಿದ ಕಲ್ಲುಗಳೂ ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಮಾಸ್ತಿಕಲ್ಲು ಎನ್ನುತ್ತೇವೆ, ಮಹಾಸತಿ ಕಲ್ಲು. ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಿರುತ್ತೀರಿ. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಏನಿರುತ್ತದೆ? ಒಂದು ಕಂಬ, ಅದರಿಂದ ಹೊರಟ ಒಂದು ಕೈ. ಮೊಣಕೈ ಬಾಗಿ ಮೇಲೆತ್ತಿದ ಕೈ, ತುಂಬ ಬಳೆ, ಬೆರಳುಗಳಲ್ಲಿ ಒಂದು ನಿಂಬೆಹಣ್ಣು. ಮುಖವೇ ಇಲ್ಲ. ಬಳೆ ಒಡೆಯದೆ ಗಂಡನ ಜೊತೆ ಬೆಂಕಿಗೆ ಹೋದಳು ಎಂಬುದಷ್ಟೇ ಕೆತ್ತಿಸಿದವರಿಗೆ ಮುಖ್ಯವಾಗಿತ್ತು. ಅವಳ ಕಣ್ಣು ಹೇಗಿತ್ತು, ಅವಳಿಗೆ ಹೋಗುವ ಮನಸ್ಸಿತ್ತೋ ಇಲ್ಲವೋ, ಆ ಕೈ ಹೇಳುವುದಿಲ್ಲ.

ಹೀಗೆ ಹೇಳುವಾಗ ನನಗೆ ನನ್ನ ಚಿಕ್ಕಮ್ಮನ ಮಗಳ ನೆನಪಾಗುತ್ತದೆ. ಮದುವೆಯಾದ ಎರಡನೆಯ ವರ್ಷ ಅವಳು ಸುಟ್ಟಗಾಯಗಳಿಂದ ತೀರಿಕೊಂಡಳು. ಸ್ಟೌವ್ ಸಿಡಿಯಿತು ಎಂದರು ಗಂಡನ ಮನೆಯವರು. ಆ ಕಾಲದಲ್ಲಿ ಬೆಂಗಳೂರಿನಲ್ಲಿ ಸೊಸೆಯಂದಿರ ಕೈಯಲ್ಲಿ ಮಾತ್ರ ಸ್ಟೌವ್‌ಗಳು ಸಿಡಿಯುತ್ತಿದ್ದವು. ಎಲ್ಲರ ಕೈಗೂ ಸಿಕ್ಕಿದ್ದು ಅವಳ ಮದುವೆಯ ಫೋಟೋ. ಬಾಸಿಂಗ ಕಟ್ಟಿಕೊಂಡು, ತಲೆ ತಗ್ಗಿಸಿ, ನಗುತ್ತಿದ್ದ ಫೋಟೋ. ಅದನ್ನು ನೋಡಿದವರು, "ಎಷ್ಟು ಸಂತೋಷವಾಗಿದ್ದಾಳೆ ನೋಡಿ, ಕಷ್ಟ ಇದ್ದಿದ್ದರೆ ಹೀಗಿರುತ್ತಿದ್ದಳೇ" ಎಂದರು. ಆ ಹುಡುಗಿಗೆ ಚಿತ್ರ ಬರೆಯುವುದೆಂದರೆ ಪ್ರಾಣ. ತವರಿನಲ್ಲಿ ಬಿಟ್ಟು ಹೋದ ನೋಟ್‌ಬುಕ್ ತುಂಬ ನವಿಲು, ಕಮಲ, ಕೊಡ ಹೊತ್ತ ಹುಡುಗಿ ಇದ್ದವು. ಆದರೆ ಆ ಎರಡು ವರ್ಷ ಅವಳಿಗೆ ಏನಾಗುತ್ತಿತ್ತು ಎಂಬುದಕ್ಕೆ ಅವಳ ಕೈಯಿಂದ ಮೂಡಿದ ಒಂದು ಗೆರೆಯೂ ನಮಗೆ ಸಿಗಲಿಲ್ಲ. ಚಿತ್ರ ಬರೆದಿದ್ದರೆ ಅವಳು ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಅವಳ ಬಗ್ಗೆ ಎಲ್ಲರೂ ಮಾತಾಡಿದರು, ಅವಳ ಮಾತೊಂದು ಇರಲಿಲ್ಲ. ಅಷ್ಟು ಹೇಳುತ್ತೇನೆ.

ಈಗ ಕೈಗೆ ಕುಂಚ ತೆಗೆದುಕೊಂಡ ಕೆಲವು ಹೆಂಗಸರ ವಿಷಯ ಕೇಳಿ.

ಮೊದಲನೆಯವರು ದುಲಾರಿ ದೇವಿ. ಬಿಹಾರದ ಮಧುಬನಿ ಜಿಲ್ಲೆಯ ರಾಂಟಿ ಎಂಬ ಹಳ್ಳಿ. ಮೀನು ಹಿಡಿಯುವ ಬಡ ಕುಟುಂಬ, ಶಾಲೆಯ ಮುಖ ಕಂಡವರಲ್ಲ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು, ಹುಟ್ಟಿದ ಮಗು ತೀರಿಕೊಂಡಿತು, ಗಂಡನ ಮನೆ ಬಿಟ್ಟು ತಾಯಿಯ ಮನೆಗೆ ಬಂದರು. ಹೊಟ್ಟೆಪಾಡಿಗೆ ಮನೆಗೆಲಸಕ್ಕೆ ಸೇರಿದರು. ಅವರು ಕಸ ಗುಡಿಸಿ ಪಾತ್ರೆ ತೊಳೆಯುತ್ತಿದ್ದದ್ದು ಮಹಾಸುಂದರಿ ದೇವಿ ಎಂಬ ದೊಡ್ಡ ಚಿತ್ರ ಕಲಾವಿದೆಯ ಮನೆಯಲ್ಲಿ. ಕೆಲಸ ಮಾಡುತ್ತಾ ಮಾಡುತ್ತಾ ಅಲ್ಲಿ ಬರೆಯುವ ಚಿತ್ರಗಳನ್ನು ನೋಡಿದರು. ತಮ್ಮ ಮನೆಯ ಅಂಗಳ ಸಾರಿಸಿ, ಕಡ್ಡಿಯಿಂದ ನೆಲದ ಮೇಲೆ ಗೀಚಿ ನೋಡಿದರು. ಆಮೇಲೆ ಕಲಿತರು. ಮಧುಬನಿ ಚಿತ್ರದಲ್ಲಿ ದೇವರು, ಮದುವೆ, ಕಮಲ, ಬಿದಿರು ಬರೆಯುವುದು ವಾಡಿಕೆ. ದುಲಾರಿ ದೇವಿ ತಮ್ಮ ಜನರ ಬದುಕನ್ನು, ತಮ್ಮ ಬದುಕನ್ನೂ ಬರೆದರು. ಮನೆಗೆಲಸದವಳೊಬ್ಬಳು ಚಿತ್ರ ಬರೆಯುವವಳಾದ ಕಥೆಯನ್ನು ಚಿತ್ರಗಳಲ್ಲೇ ಹೇಳಿದ ಅವರ ಪುಸ್ತಕವನ್ನು ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿತು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಬಂದದ್ದು ದೊಡ್ಡದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, "ನನ್ನಂಥವಳ ಬದುಕೂ ಚಿತ್ರವಾಗಬಹುದು" ಎಂದು ಆಕೆಗೆ ಅನ್ನಿಸಿತಲ್ಲ, ಅದು.

ಎರಡನೆಯವರು ನಮ್ಮ ಬೆಂಗಳೂರಿನವರೇ ಆದ ಪುಷ್ಪಮಾಲಾ ಎನ್. ಇವರು ಶಿಲ್ಪಿಯಾಗಿದ್ದವರು. 1990ರ ದಶಕದಲ್ಲಿ ತಾವೇ ವೇಷ ತೊಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ತಮ್ಮ ಕಲೆಯಾಗಿ ಮಾಡಿಕೊಂಡರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಚಿತ್ರಮಾಲೆಯೊಂದನ್ನು ಮಾಡಿದರು. ರವಿವರ್ಮನ ಕ್ಯಾಲೆಂಡರ್ ಲಕ್ಷ್ಮಿ ನಿಮ್ಮ ಮನೆಗಳ ಗೋಡೆಯ ಮೇಲಿದ್ದಾಳಲ್ಲ, ಅವಳಾಗಿ ಕಮಲದ ಮೇಲೆ ನಿಂತರು. ಪತ್ರಿಕೆಯಲ್ಲಿ ಬಂದಿದ್ದ, ಪೊಲೀಸರು ಹಿಡಿದು ನಿಲ್ಲಿಸಿದ ಹೆಂಗಸಿನ ಹಾಗೂ ನಿಂತರು. ದೇವಿಯ ವೇಷದೊಳಗೂ ಅದೇ ಮುಖ, ಕಳ್ಳಿಯ ವೇಷದೊಳಗೂ ಅದೇ ಮುಖ. ನೋಡಿದವರಿಗೆ ತಾನಾಗಿ ಗೊತ್ತಾಗುತ್ತದೆ: ದೇವಿ, ಕಳ್ಳಿ, ಸುಂದರಿ ಎಂಬುದೆಲ್ಲ ಇನ್ನೊಬ್ಬರು ಹೊಲಿದು ನಮಗೆ ತೊಡಿಸಿದ ಬಟ್ಟೆ. ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಮಹಾಲಕ್ಷ್ಮಿ ಬಂದಳು ಎಂದು ಆರತಿ ಎತ್ತಿ ಒಳಗೆ ಕರೆದುಕೊಂಡವರೇ, ತವರಿನಿಂದ ದುಡ್ಡು ಬರದಿದ್ದರೆ ಆರು ತಿಂಗಳಿಗೆ ದರಿದ್ರಲಕ್ಷ್ಮಿ ಎನ್ನುತ್ತಾರೆ. ಹೆಣ್ಣು ಅವಳೇ, ಬದಲಾದದ್ದು ಬಟ್ಟೆ ಮಾತ್ರ.

ಮೂರನೆಯವಳು ದೂರದ ಮೆಕ್ಸಿಕೋ ದೇಶದ ಫ್ರೀಡಾ ಕಾಹ್ಲೋ. 1907ರಲ್ಲಿ ಹುಟ್ಟಿದವಳು. ಹದಿನೆಂಟನೆಯ ವಯಸ್ಸಿನಲ್ಲಿ, 1925ರಲ್ಲಿ, ಅವಳು ಕೂತಿದ್ದ ಬಸ್ಸಿಗೆ ಟ್ರಾಮ್ ಬಂದು ಬಡಿಯಿತು. ಬೆನ್ನುಮೂಳೆ, ಸೊಂಟ, ಕಾಲು ಎಲ್ಲ ಮುರಿಯಿತು. ತಿಂಗಳುಗಟ್ಟಲೆ ಅಂಗಾತ ಮಲಗಿರಬೇಕಾಯಿತು. ಮನೆಯವರು ಅವಳ ಮಂಚದ ಮೇಲ್ಗಡೆ ಒಂದು ಕನ್ನಡಿ ಕಟ್ಟಿಸಿ, ಮಲಗಿದಲ್ಲೇ ಬರೆಯಲು ಹಲಗೆ ಮಾಡಿಸಿಕೊಟ್ಟರು. ಕಣ್ಣೆದುರಿಗೆ ಇದ್ದದ್ದು ತನ್ನ ಮುಖ, ಅದನ್ನೇ ಬರೆದಳು. ಅವಳ ಒಟ್ಟು ಚಿತ್ರಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಅವಳದೇ ಚಿತ್ರಗಳು. ಕೂಡಿದ ಹುಬ್ಬು, ತುಟಿಯ ಮೇಲಿನ ಸಣ್ಣ ಕೂದಲು, ಯಾವುದನ್ನೂ ಮುಚ್ಚಿಡಲಿಲ್ಲ. ಗಂಡನಿಂದ ವಿಚ್ಛೇದನವಾದ ಮೇಲೆ 1940ರಲ್ಲಿ, ಗಂಡಸಿನ ಕೋಟು ಹಾಕಿಕೊಂಡು, ಕತ್ತರಿ ಹಿಡಿದು, ಕತ್ತರಿಸಿದ ಕೂದಲಿನ ನಡುವೆ ಕುರ್ಚಿಯಲ್ಲಿ ಕೂತಿರುವಂತೆ ತನ್ನನ್ನು ಬರೆದುಕೊಂಡಳು.

ಅವಳ ಇನ್ನೊಂದು ಚಿತ್ರದ ವಿಷಯವನ್ನೂ ನೀವು ತಿಳಿಯಬೇಕು. 1935ರದು. ಒಬ್ಬ ಗಂಡಸು ತನ್ನ ಜೊತೆಗಿದ್ದ ಹೆಂಗಸನ್ನು ಇರಿದು ಕೊಂದಿದ್ದ. ವಿಚಾರಣೆಯಲ್ಲಿ, ಏನೋ ಸಣ್ಣಪುಟ್ಟ ಗೀರು ಹಾಕಿದೆ ಅಷ್ಟೇ ಎಂಬಂತೆ ಹೇಳಿದನಂತೆ. ಫ್ರೀಡಾ ಅದನ್ನು ಪತ್ರಿಕೆಯಲ್ಲಿ ಓದಿದಳು. ಹಾಸಿಗೆಯ ಮೇಲಿನ ಆ ಹೆಂಗಸಿನ ಮೈತುಂಬ ಗಾಯಗಳನ್ನು ಬರೆದು, ಅವನ ಆ ಮಾತನ್ನೇ ಚಿತ್ರದ ಹೆಸರಾಗಿ ಇಟ್ಟಳು. ರಕ್ತದ ಕಲೆಯನ್ನು ಚೌಕಟ್ಟಿನ ಮೇಲೂ ಹಾಕಿದಳು. ಅವನು ಹೇಳಿದ್ದು ಒಂದು, ಚಿತ್ರ ತೋರಿಸುವುದು ಇನ್ನೊಂದು. "ಸ್ಟೌವ್ ಸಿಡಿಯಿತು", "ಮೆಟ್ಟಿಲಿಂದ ಜಾರಿದಳು", "ಬಚ್ಚಲಲ್ಲಿ ಬಿದ್ದಳು" ಎಂಬ ಮಾತುಗಳನ್ನು ಕೇಳಿ ಕೇಳಿ ಬೇಸತ್ತ ನಮಗೆ ಆ ಚಿತ್ರ ಅರ್ಥವಾಗುವುದಕ್ಕೆ ಯಾವ ಕಲಾವಿಮರ್ಶಕರೂ ಬೇಕಾಗಿಲ್ಲ.

"ಮೇಡಂ, ಅವರೆಲ್ಲ ಕಲಾವಿದರು, ನಂಗೆಲ್ಲಿ ಬರುತ್ತೆ ಚಿತ್ರ" ಎಂದು ನೀವು ಹೇಳುತ್ತೀರೆಂದು ನನಗೆ ಗೊತ್ತು. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು, ಎರಡು ಬೆರಳಿನ ಸಂದಿಯಿಂದ ಪುಡಿ ಬಿಟ್ಟು ಒಂದೇ ಸಮನಾದ ಗೆರೆ ಎಳೆಯುವ ಕೈ ಯಾರದು? ಆರ್ಟ್ ಸ್ಕೂಲಿನ ಹುಡುಗರಿಗೆ ಅಂಥ ಗೆರೆ ಬರಲು ವರ್ಷ ಬೇಕು. ನಿಮಗೆ ಕೈ ಇದೆ. ಆ ಕೈ ಬಾಗಿಲ ಅಂದಕ್ಕೆ ಮಾತ್ರ ಅಂದುಕೊಂಡಿದ್ದೀರಿ, ಅಷ್ಟೇ.

"ಫೋನಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತೇವಲ್ಲ" ಎಂದು ಹುಡುಗಿಯರು ಕೇಳಬಹುದು. ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಸೆಲ್ಫಿ ಒಂದು ಕ್ಷಣದ ಕೆಲಸ, ಎಷ್ಟೋ ಫೋನುಗಳು ಕೇಳದೆಯೇ ಮುಖ ಬೆಳ್ಳಗೆ ಮಾಡಿ, ಕಲೆ ಅಳಿಸಿಬಿಡುತ್ತವೆ. ಬರೆಯಬೇಕಾದರೆ ಅರ್ಧ ಗಂಟೆ ನಿಮ್ಮ ಮುಖವನ್ನು ನೀವು ನೋಡಬೇಕು. ತಲೆ ಬಾಚುವುದಕ್ಕಲ್ಲ, ಕುಂಕುಮ ಇಡುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ನಮ್ಮಲ್ಲಿ ಯಾರು ಹಾಗೆ ನೋಡಿಕೊಂಡಿದ್ದೇವೆ?

ಮಾಡುವುದು ಹೇಗೆ ಎಂದು ಹೇಳುತ್ತೇನೆ. ಒಂದು ಸಣ್ಣ ಕನ್ನಡಿ, ಮಕ್ಕಳ ಸ್ಲೇಟು ಇಲ್ಲವೇ ಕಾಗದ, ಬಳಪ ಇಲ್ಲವೇ ಒಲೆಯ ಇದ್ದಿಲು ಸಾಕು. ಮೊದಲು ಕಣ್ಣು ಮುಚ್ಚಿ, ಬೆರಳಿನಿಂದ ಮುಖ ಮುಟ್ಟಿ ನೋಡಿಕೊಳ್ಳಿ: ಹಣೆ, ಹುಬ್ಬಿನ ಮೂಳೆ, ಮೂಗಿನ ಏಣು, ದವಡೆ. ಕೈಗೆ ಗೊತ್ತಾದದ್ದು ಗೆರೆಗೆ ಬರುತ್ತದೆ. ಆಮೇಲೆ ಒಂದು ಮೊಟ್ಟೆಯಾಕಾರ ಬರೆಯಿರಿ. ಹೆಚ್ಚಿನವರು ಕಣ್ಣನ್ನು ಹಣೆಯ ಜಾಗದಲ್ಲಿ ಬರೆದುಬಿಡುತ್ತಾರೆ. ಕಣ್ಣು ಇರುವುದು ನೆತ್ತಿಗೂ ಗಲ್ಲಕ್ಕೂ ಸರಿಯಾಗಿ ಮಧ್ಯದಲ್ಲಿ, ಬೆರಳಿನಿಂದ ಅಳೆದು ನೋಡಿ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ ಬಿಡಿ. ಇಷ್ಟಾದರೆ ಮುಖ ಮುಖದ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯ ಗಮನಿಸಿ. ಎಡಗಡೆ ಮೂಗುಬೊಟ್ಟು ಇರುವವರಿಗೆ ಕನ್ನಡಿಯಲ್ಲಿ ಅದು ಎಡಗಡೆಯೇ ಕಾಣುತ್ತದೆ. ಎದುರಿಗೆ ನಿಂತು ನೋಡುವವರಿಗೆ, ಫೋಟೋ ತೆಗೆಯುವವರಿಗೆ ಅದು ಅವರ ಬಲಗಡೆಗೆ ಕಾಣುತ್ತದೆ. ಅಂದರೆ ಕನ್ನಡಿ ನೋಡಿ ಬರೆದ ಮುಖ ಬೇರೆಯವರು ನೋಡುವ ಮುಖವಲ್ಲ, ನೀವೊಬ್ಬರೇ ದಿನಾ ನೋಡುವ ಮುಖ. ಅದು ಹೇಗಿದೆ ಎಂದು ಹೇಳುವ ಹಕ್ಕು ನಿಮ್ಮೊಬ್ಬರದೇ. ಗಂಡ ಬಂದು "ನೀನು ಹೀಗಿಲ್ಲ" ಎಂದರೂ, ಅತ್ತೆ ನಕ್ಕರೂ, ಅದು ತಪ್ಪಾಗುವುದಿಲ್ಲ.

ಮುಖ ಬೇಡ ಅನ್ನಿಸಿದವರು ಕೈ ಬರೆಯಿರಿ. ಎಡಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆಮೇಲೆ ಒಳಗೆ ತುಂಬಿ. ಸೂಜಿ ಚುಚ್ಚಿದ ಗುರುತು, ಬಿಸಿ ಎಣ್ಣೆ ಸಿಡಿದ ಕಲೆ, ಸೋಪಿನ ಪುಡಿಗೆ ಒಡೆದ ಚರ್ಮ. ಮಾಸ್ತಿಕಲ್ಲಿನ ಕೈಯಲ್ಲಿ ಬಳೆ ಬಿಟ್ಟು ಬೇರೇನೂ ಇರಲಿಲ್ಲ. ನಿಮ್ಮ ಕೈಯಲ್ಲಿ ನಿಮ್ಮ ದುಡಿಮೆಯೆಲ್ಲ ಇದೆ.

ಇನ್ನು ಸಂಘದಲ್ಲಿ ಎಲ್ಲರೂ ಸೇರಿ ಮಾಡುವ ಒಂದು ಚಿತ್ರವಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಪಕ್ಕದ ಖಾಯೆಲಿತ್ಷಾದಲ್ಲಿ 2002ರ ಹೊತ್ತಿಗೆ ಎಚ್‌ಐವಿ ಸೋಂಕಿದ್ದ ಹೆಂಗಸರ ಗುಂಪೊಂದು ಇದನ್ನು ಮಾಡಿತು. ದೊಡ್ಡ ಹಾಳೆಯ ಮೇಲೆ ಒಬ್ಬಳು ಮಲಗುವುದು, ಇನ್ನೊಬ್ಬಳು ಅವಳ ಮೈ ಸುತ್ತ ಗೆರೆ ಎಳೆಯುವುದು. ಆಮೇಲೆ ಮಲಗಿದ್ದವಳೇ ಎದ್ದು ಒಳಗೆ ಬಣ್ಣ ತುಂಬುವುದು. ಎಲ್ಲಿ ನೋವಿದೆ, ಎಲ್ಲಿ ಗಾಯವಾಗಿತ್ತು, ಬಲ ಎಲ್ಲಿಂದ ಬರುತ್ತದೆ. ನಾವು ಹಳೆಯ ಪತ್ರಿಕೆಗಳನ್ನು ಅಂಟಿಸಿ ಹಾಳೆ ಮಾಡಿಕೊಳ್ಳಬಹುದು.

ಇದನ್ನು ನಾನು ಹೆಂಗಸರ ಗುಂಪುಗಳಲ್ಲಿ ಮಾಡಿಸಿದ್ದೇನೆ. ಒಬ್ಬಾಕೆ ಮೈಮೇಲೆ ಒಂದು ಗಾಯವನ್ನೂ ಬರೆಯದೆ ಕಿವಿಗಳನ್ನು ಮಾತ್ರ ಕಪ್ಪಗೆ ಮಾಡಿದರು. "ಅವರು ಹೊಡೆಯಲ್ಲ ಮೇಡಂ, ಬೈತಾರೆ, ಬೆಳಿಗ್ಗೆಯಿಂದ ರಾತ್ರಿವರೆಗೂ" ಎಂದರು. ಇನ್ನೊಬ್ಬರು ಕೈಗೆ ಬೆರಳುಗಳನ್ನೇ ಬರೆಯಲಿಲ್ಲ. ಕೇಳಿದರೆ, "ಸಂಬಳದ ದಿನ ಎಟಿಎಂ ಕಾರ್ಡು ಅವರ ಹತ್ತಿರ ಇರುತ್ತೆ" ಎಂದರು. ಹತ್ತು ವರ್ಷ ಸಂಘದಲ್ಲಿ ಪಕ್ಕಪಕ್ಕ ಕೂತವರಿಗೂ ಅದು ಗೊತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಲು ಆಗದ್ದನ್ನು ಗೆರೆ ಹೇಳಿತು.

ಇಲ್ಲಿ ಕಾನೂನಿನ ಮಾತು ಬರುತ್ತದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೌರ್ಜನ್ಯವೆಂದರೆ ಹೊಡೆತ ಮಾತ್ರ ಎಂದು ಅದು ಹೇಳುವುದಿಲ್ಲ. ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ವಿಂಗಡಿಸಿ ಹೇಳುತ್ತದೆ. ವರದಕ್ಷಿಣೆಗಾಗಿ ಪೀಡಿಸುವುದೂ ಅದರಲ್ಲಿ ಸೇರಿದೆ. ಆ ಕಪ್ಪು ಕಿವಿ ಮಾತಿನ ದೌರ್ಜನ್ಯ, ಆ ಬೆರಳಿಲ್ಲದ ಕೈ ಆರ್ಥಿಕ ದೌರ್ಜನ್ಯ. ಎರಡಕ್ಕೂ ದೂರು ಕೊಡಬಹುದು. ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ ಬರೆದುಕೊಳ್ಳುವಾಗ ಏನಾಯಿತು, ಯಾವಾಗ, ಎಲ್ಲಿ ಎಂದು ಕೇಳುತ್ತಾರೆ. ಆಗ ಎಷ್ಟೋ ಹೆಂಗಸರಿಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಒಮ್ಮೆ ಬರೆದು, ಗೆಳತಿಯರ ಮುಂದೆ ಹೇಳಿ ಅಭ್ಯಾಸವಾದವಳಿಗೆ ಅಲ್ಲಿಯೂ ಮಾತು ಬರುತ್ತದೆ.

ಮೊದಲು 498ಎ ಎಂದು ನಾವೆಲ್ಲ ಹೇಳುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಂ. ನಂಬರು ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ.

ಆದರೆ ಚಿತ್ರ ಡಾಕ್ಟರ ಸರ್ಟಿಫಿಕೇಟ್ ಅಲ್ಲ. ಮೈಮೇಲೆ ಗಾಯವಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಸಿ. ಅಪಾಯವೆನಿಸಿದರೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಈ ಎರಡು ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಕೆಲವು ಎಚ್ಚರಿಕೆಗಳು. ಬರೆದ ಚಿತ್ರವನ್ನು ಮನೆಗೆ ಒಯ್ಯಬೇಕೋ ಬೇಡವೋ ಎಂಬುದನ್ನು ಬರೆದವಳೇ ತೀರ್ಮಾನಿಸಬೇಕು. ಗಂಡನ ಕೈಗೆ ಸಿಕ್ಕರೆ ಇನ್ನಷ್ಟು ಹೊಡೆತ ಬೀಳುವಂತಿದ್ದರೆ ಸಂಘದ ಪೆಟ್ಟಿಗೆಯಲ್ಲೇ ಬೀಗ ಹಾಕಿ ಇಡಿ. ಸ್ಲೇಟಿನ ಮೇಲೆ ಬರೆದು ಅಳಿಸಿದರೂ ನಷ್ಟವಿಲ್ಲ, ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಇನ್ನೊಬ್ಬಳ ಚಿತ್ರವನ್ನು ಯಾರೂ ಫೋನಿನಲ್ಲಿ ತೆಗೆದು ವಾಟ್ಸಾಪಿಗೆ ಹಾಕಬಾರದು. ಬರೆಯಲು ಇಷ್ಟವಿಲ್ಲದವಳನ್ನು ಒತ್ತಾಯಿಸಬಾರದು. "ಇದೇನು ಹೀಗೆ ಬರೆದೆ" ಎಂದು ನಗಬಾರದು, "ಚೆನ್ನಾಗಿದೆ" ಎಂದು ಮಾರ್ಕು ಕೊಡುವುದೂ ಬೇಡ. ಇದು ರಂಗೋಲಿ ಸ್ಪರ್ಧೆಯಲ್ಲ. "ಇದರ ಬಗ್ಗೆ ಏನಾದರೂ ಹೇಳ್ತೀಯಾ?" ಎಂದಷ್ಟೇ ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ.

ಬರೀ ನೋವನ್ನೇ ಬರೆಯಬೇಕು ಅಂತಲೂ ಇಲ್ಲ. ನೀವು ಹೊಡೆತ ತಿಂದವರು ಮಾತ್ರವಲ್ಲ. ಜೋರಾಗಿ ನಗುವವರು, ಹಾಡುವವರು, ಲೆಕ್ಕದಲ್ಲಿ ಬ್ಯಾಂಕಿನವರನ್ನೇ ತಿದ್ದುವವರು, ಬಸ್ಸಿನಲ್ಲಿ ಮೈಮೇಲೆ ಬಿದ್ದವನಿಗೆ ಚಪ್ಪಲಿ ತೋರಿಸಿದವರು. ಅದೂ ನಿಮ್ಮ ಮುಖವೇ. ಅದನ್ನೂ ಬರೆಯಿರಿ.

ಕೊನೆಯದಾಗಿ ಒಂದು ಮಾತು. ಸಂಘ ಶುರುವಾದಾಗ ನಿಮ್ಮಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈ ವಯಸ್ಸಿನಲ್ಲಿ ಅಕ್ಷರ ಯಾಕೆ ಎಂದು ಮನೆಯಲ್ಲಿ ನಕ್ಕರು. ಆದರೂ ಸಹಿ ಮಾಡುವುದನ್ನು ಕಲಿತಿರಿ. ಸಹಿ ಬಂದ ಮೇಲೆ ಬ್ಯಾಂಕಿನವರು ನಿಮ್ಮನ್ನು ಮಾತಾಡಿಸುವ ರೀತಿಯೇ ಬದಲಾಯಿತು. ಆ ಕೈ ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ಪ್ರತಿ ಸಂಘವೂ ಮುಂದಿನ ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಎತ್ತಿಡಿ. ಹನ್ನೆರಡು ಜನರಿದ್ದರೆ ಹನ್ನೆರಡು ಮುಖ. ನಿಮ್ಮ ಮಗಳೂ ಪಕ್ಕದಲ್ಲಿ ಕೂತು ತನ್ನದನ್ನು ಬರೆಯಲಿ. ನಾಳೆ ಅವಳ ಫೋಟೋವನ್ನು ಮುಂದಿಟ್ಟುಕೊಂಡು ಯಾರಾದರೂ ಬೆಲೆ ಕಟ್ಟಲು ಬಂದರೆ, ತಾನು ಯಾರೆಂದು ಅವಳಿಗೆ ಮೊದಲೇ ಗೊತ್ತಿರಲಿ.